ಬೇರಿಲ್ಲದ ಬಳ್ಳಿಯ ಬೀಜ

ಮರಿಯಮ್ ಬೀವಿ ಮೊದಲ ಸಲ ನಮ್ಮ ಕ್ಲಿನಿಕ್ಕಿಗೆ ಬಂದಾಗ ಕಾಯಿಲೆ ಏನೆಂದು ಹೇಳಲೇ ಇಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಹೊಸೆಯುತ್ತಿದ್ದಳು. ಆ ಹೊಸೆತ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇವಳು ನಮ್ಮ ಕಡೆಯವಳು, ಬೀಡಿ ಕಟ್ಟಿ ಬೆಳೆದವಳು.

"ಯಾವ ಊರು ಮಾರಾಯ್ತಿ?" ಎಂದು ಕೇಳಿದೆ.

"ಕಾಪು ಹತ್ರ" ಎಂದವಳು ಅಲ್ಲೇ ಅಳಲು ಶುರುಮಾಡಿದಳು. ನಾನು ಬೈದೆ. ಅಬುಧಾಬಿ ಸೀಮೆಯ ಮರಳುಗಾಡಿನ ಆ ಊರು ಮದೀನತ್ ಜಾಯೆದಿನಲ್ಲಿ ಕನ್ನಡ ಕೇಳಿ ಅತ್ತವಳು ಅವಳೊಬ್ಬಳೇ ಅಲ್ಲ, ಮೊದಲ ವರ್ಷ ನಾನೂ ಬಾತ್‌ರೂಮಿನ ನಲ್ಲಿ ತಿರುಗಿಸಿ ಅತ್ತವಳೇ. ಆದರೆ ರೋಗಿ ಅಳುವಾಗ ನರ್ಸು ಬೈಯಬೇಕು, ಇಲ್ಲದಿದ್ದರೆ ಇಬ್ಬರೂ ಕೂತು ಅಳುತ್ತಾರೆ, ಕೆಲಸ ಕೆಡುತ್ತದೆ.

ಅದು ತೊಂಬತ್ತಾರನೇ ಇಸವಿ. ಈಗ ನಾವಿರುವುದು ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿ, ಮಗನ ಜೊತೆ. ಹೆಸರಿಗೆ ಗಾರ್ಡನ್, ಆದರೆ ಪಕ್ಕದ ಮನೆಯವರ ಮುಖ ನೋಡಬೇಕಾದರೆ ಲಿಫ್ಟು ಕೆಡಬೇಕು. ಮೊಮ್ಮಗ ಆದರ್ಶನಿಗೆ ಮದೀನತ್ ಜಾಯೆದಿನ ಕತೆ ಹೇಳಹೊರಟರೆ "ಗ್ರ್ಯಾನಿ ಪ್ಲೀಸ್, ನಾಟ್ ಅಗೇನ್" ಎನ್ನುತ್ತಾನೆ. ಅವನಿಗೇನು ಗೊತ್ತು! ಆಗ ಅಲ್ಲಿ ಒಂದು ಮುಖ್ಯ ಬೀದಿ, ಒಂದು ಆಸ್ಪತ್ರೆ, ಒಂದಿಷ್ಟು ಕ್ಲಿನಿಕ್ಕು, ಕೆಫೆಟೇರಿಯಾ, ಮತ್ತೆ ಸುತ್ತಲೂ ಮರಳು. ಶುಕ್ರವಾರ ಯಾರ ಮನೆಯಲ್ಲಿ ಮೀನು ಹುರಿದರೂ ಊರಿಗೆಲ್ಲ ಗೊತ್ತಾಗುತ್ತಿತ್ತು. ನನ್ನ ಗಂಡ ಪಾಯ್ಸ್, ಎಣ್ಣೆ ಕಂಪನಿಯೊಂದರ ಸ್ಟೋರಿನಲ್ಲಿದ್ದರು.

ಮರಿಯಮಳ ಗಂಡ ಮುಹಿಯುದ್ದೀನ್ ಊರ ಹೊರಗಿನ ತೋಟವೊಂದರ ಮೇಲ್ವಿಚಾರಕ. ತೋಟದ ಒಡತಿ ಒಬ್ಬ ಮುದುಕಿ. ಹಜ್ ಯಾತ್ರೆ ಮಾಡಿ ಬಂದವಳೆಂದು ಎಲ್ಲರೂ ಅವಳನ್ನು ಹಜ್ಜಾ ಎನ್ನುತ್ತಿದ್ದರು. ಮಕ್ಕಳು ಅಬುಧಾಬಿಯಲ್ಲಿ ದೊಡ್ಡ ಮನೆ ಕಟ್ಟಿಕೊಂಡಿದ್ದರೂ ಅವಳು ತನ್ನ ಖರ್ಜೂರದ ಮರ, ಆಡು, ಒಂಟೆ ಬಿಟ್ಟು ಹೋಗಲೊಪ್ಪದೆ ಅಲ್ಲೇ ಇದ್ದಳು. ಆಡು ಒಂಟೆಗಳಿಗೆ ಹಾಕುವ ಮೇವು ಜತ್. ನೋಡಲು ನಮ್ಮ ಮೆಂತೆಸೊಪ್ಪಿನ ಹಾಗಿರುತ್ತದೆ, ಕೊಯ್ದಷ್ಟೂ ಚಿಗುರುತ್ತದೆ. ಮುಹಿಯುದ್ದೀನನಿಗೆ ಆ ಜತ್ ಗದ್ದೆಯೆಂದರೆ ಪ್ರಾಣ. ಮನುಷ್ಯರ ಹತ್ತಿರ ನಾಲ್ಕು ಮಾತಾಡಲು ನಾಚುವ ಗಂಡಸು, ಗದ್ದೆಯ ವಿಷಯ ಎತ್ತಿದರೆ ನಿಲ್ಲಿಸುತ್ತಲೇ ಇರಲಿಲ್ಲ. ಹಜ್ಜಾಗೆ ಅಡುಗೆ ಮಾಡಲು ಒಬ್ಬ ಹೆಂಗಸು ಬೇಕಾದಾಗ ಅವನು ಧೈರ್ಯ ಮಾಡಿ ಹೆಂಡತಿಯ ಹೆಸರು ಹೇಳಿದ್ದ. ಹಾಗೆ, ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಗಂಡ ಹೆಂಡತಿ ಒಂದೇ ಸೂರಿನಡಿ ಬಂದಿದ್ದರು.

ಅವಳ ಕಾಯಿಲೆ ಏನೆಂದು ಎರಡನೆಯ ಭೇಟಿಯಲ್ಲಿ ಹೊರಬಿತ್ತು. ಮೂರು ಸಲ ಬಸುರಾಗಿ ಮೂರು ಸಲವೂ ಇಳಿದುಹೋಗಿತ್ತು. ಮೂರು ಸಲವೂ ಗಂಡ ಇಲ್ಲಿ, ಇವಳು ಅಲ್ಲಿ, ಅತ್ತೆಯ ಮನೆಯ ಕತ್ತಲೆಕೋಣೆಯಲ್ಲಿ. ಗಂಡ ಎರಡು ವರ್ಷಕ್ಕೊಮ್ಮೆ ಬರುವುದಾದರೆ ಬಸುರಾಗಲಿಕ್ಕೂ ಯಜಮಾನರ ಹತ್ತಿರ ರಜೆ ಕೇಳಬೇಕು, ಏನು ಬದುಕೋ! ಈಗ ಅವಳಿಗೆ ಮೂವತ್ತೇಳು ದಾಟಿತ್ತು.

"ಸಿಸ್ಟರೇ, ನಂಗೆ ಇನ್ನೊಂದೇ ಸಲ ಆಗುದು. ಇದು ಬಿಟ್ರೆ ಇಲ್ಲ" ಎಂದಳು.

"ಅದನ್ನು ನಿನಗೆ ಹೇಳಿದ್ದು ಯಾರು?"

"ಯಾರೂ ಹೇಳ್ಳಿಲ್ಲ. ನಂಗೆ ಗೊತ್ತುಂಟು."

ನಾನು ಅವಳನ್ನು ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಕಳಿಸಿದೆ. ಪರೀಕ್ಷೆಯೆಲ್ಲ ಆಯಿತು. ದೋಷವೇನೂ ಕಾಣುವುದಿಲ್ಲ, ರಕ್ತ ಕಡಿಮೆ, ಮಾತ್ರೆ ತೆಗೆದುಕೊಳ್ಳಿ, ಕಾಯಿರಿ ಎಂದರು. ಕಾಯುವುದನ್ನು ಮರಿಯಮಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ದೋಷ ಕಾಣುವುದಿಲ್ಲ ಎಂದರೆ ಮದ್ದೂ ಇಲ್ಲ ಎಂದೇ ಅವಳು ತಿಳಿದುಕೊಂಡಳು. ಒಂದು ದಿನ ಗಂಡ ಹೆಂಡತಿ ನಮ್ಮ ಮನೆಗೆ ಬಂದಿದ್ದಾಗ ಈ ಪಾಯ್ಸ್ ಸುಮ್ಮನಿರಲಾರದೆ, ದುಬೈಯಲ್ಲಿ ಒಬ್ಬಳು ಚೀನಾದ ವೈದ್ಯೆ ಇದ್ದಾಳಂತೆ, ತನ್ನ ಸ್ಟೋರಿನವನೊಬ್ಬನ ಹೆಂಡತಿಗೆ ಅವಳ ಮದ್ದಿನಿಂದಲೇ ಮಗು ನಿಂತಿತಂತೆ ಎಂದು ಬಾಯಿಬಿಟ್ಟರು. ನನಗೆ ಮೈ ಉರಿಯಿತು. ನರ್ಸಿನ ಮನೆಯಲ್ಲಿ ಕೂತು ಬೇರು ನಾರಿನ ಮಾತೇ? ಆದರೆ ಮರಿಯಮಳ ಮುಖ ನೋಡಿ, ಆ ವೈದ್ಯೆಯ ವಿಳಾಸ ಕೇಳಿಕೊಂಡು ಬನ್ನಿ ಎಂದು ನಾನೇ ಪಾಯ್ಸರಿಗೆ ಹೇಳಿದೆ.

ಒಂದು ಶುಕ್ರವಾರ ನಾಲ್ವರೂ ಪಾಯ್ಸರ ಹಳೆಯ ಕರೋಲಾದಲ್ಲಿ ದುಬೈಗೆ ಹೊರಟೆವು. ದಾರಿಯುದ್ದಕ್ಕೂ ಕ್ಯಾಸೆಟ್ಟಿನಲ್ಲಿ ಹಳೆಯ ಹಾಡು, ಹಿಂದಿನ ಸೀಟಿನಲ್ಲಿ ಮರಿಯಮ್ ಮಾಡಿ ತಂದ ಅಕ್ಕಿಯ ಪುಂಡಿ ಉಂಡೆ ಮತ್ತು ಕೋಳಿ ಗಸಿಯ ಪರಿಮಳ. ತರೀಫಿನ ಹತ್ತಿರ ಗಾಡಿ ನಿಲ್ಲಿಸಿ, ಕಾರಿನ ನೆರಳಿನಲ್ಲೇ ಕುಳಿತು ತಿಂದೆವು. ಅಷ್ಟು ರುಚಿಯ ಊಟ ಆಮೇಲೆ ನಾನು ಯಾವ ಹೋಟೆಲಿನಲ್ಲೂ ಉಣ್ಣಲಿಲ್ಲ, ಇದನ್ನು ನನ್ನ ಸೊಸೆಯ ಎದುರು ಹೇಳುವುದಿಲ್ಲ.

ವೈದ್ಯೆಯ ಜಾಗ ಅಲ್ ಮುರಕ್ಕಬಾತಿನಲ್ಲಿ, ಒಂದು ರೆಸ್ಟೋರೆಂಟಿನ ಮೇಲಿನ ಮಹಡಿ. ಕೆಳಗಿನ ಹುರಿದ ಬೆಳ್ಳುಳ್ಳಿಯ ವಾಸನೆ, ಮೇಲಿನ ಒಣಬೇರಿನ ವಾಸನೆ ಮೆಟ್ಟಿಲಲ್ಲೇ ಜಗಳವಾಡುತ್ತಿದ್ದವು. ಗೋಡೆತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು. ಲಿನ್ ಎಂಬ ಆ ಹೆಂಗಸು ಮರಿಯಮಳ ಎರಡೂ ಕೈಗಳ ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ ಒಂದು ಡ್ರಾಯರು ಎಳೆದು, ಗಸಗಸೆಗಿಂತ ತುಸು ದಪ್ಪನೆಯ ಕಂದು ಬೀಜಗಳನ್ನು ಕಾಗದದ ಮೇಲೆ ಸುರಿದಳು. ಹರಕುಮುರುಕು ಇಂಗ್ಲಿಷಿನಲ್ಲಿ, ತಮ್ಮ ದೇಶದಲ್ಲಿ ಇದಕ್ಕೆ ತು ಸಿ ತ್ಸು ಎನ್ನುತ್ತಾರೆ, ಮಗು ಜಾರದಂತೆ ಹಿಡಿದುಕೊಳ್ಳಲು ಕೊಡುತ್ತಾರೆ ಎಂದಳು. ಬೀಜ ಒಳ್ಳೆಯದೋ ಅಲ್ಲವೋ ನೋಡಬೇಕಾದರೆ ಕುದಿಸಬೇಕಂತೆ. ಅಲ್ಲೇ ಪುಟ್ಟ ಒಲೆಯ ಮೇಲೆ ಕುದಿಸಿ ತೋರಿಸಿದಳು. ಸಿಪ್ಪೆ ಒಡೆದು, ಒಂದೊಂದು ಬೀಜದೊಳಗಿನಿಂದಲೂ ಸುರುಳಿ ಸುತ್ತಿದ ಬಿಳಿ ಎಳೆ ಹೊರಗೆ ಬಂತು. ಮರಿಯಮ್ ಅದನ್ನು ನೋಡಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಹೊಕ್ಕುಳಬಳ್ಳಿಯ ಹಾಗೆ ಕಂಡಿರಬೇಕು ಅವಳಿಗೆ.

ಮುಹಿಯುದ್ದೀನ್ ಮಾತ್ರ ಒಂದು ಚಿಟಿಕೆ ಬೀಜವನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡಿ, ಬೆಂಕಿ ಮುಟ್ಟಿದವನಂತೆ ಕೊಡವಿದ.

"ಇದು ಹಾಮೂಲ್! ಇದನ್ನು ಮುಟ್ಲಿಕ್ಕಿಲ್ಲ. ಇದು ನಮ್ಮ ಗದ್ದೆಯ ಶತ್ರು!"

ಹಾಮೂಲ್ ಎಂದರೆ ಏನೆಂದು ಅವನು ವಿವರಿಸಿದ ಮೇಲೆ ನನಗೂ ಗುರುತು ಹತ್ತಿತು. ನಮ್ಮೂರಿನ ಬೇಲಿಯ ಮೇಲೆ ಹಳದಿ ನೂಲು ಚೆಲ್ಲಿದಂತೆ ಹಬ್ಬುವ ಆಕಾಶಬಳ್ಳಿ. ಎಲೆಯಿಲ್ಲ, ಮಣ್ಣಿನಲ್ಲಿ ಬೇರಿಲ್ಲ, ಇನ್ನೊಂದು ಗಿಡವನ್ನು ಸುತ್ತಿಕೊಂಡು ಅದರ ರಸ ಹೀರಿಯೇ ಬದುಕುವುದು. ಜತ್ ಗದ್ದೆಗೆ ಅದು ಬಿದ್ದರೆ ಗದ್ದೆ ಮುಗಿಯಿತು. ಅಂಗಡಿಯಿಂದ ತಂದ ಜತ್ ಬೀಜವನ್ನು ಅವನು ಇದೇ ಒಂದು ಹೆದರಿಕೆಯಿಂದ ಜರಡಿ ಹಿಡಿದು, ಉಳಿದದ್ದನ್ನು ಸುಡುತ್ತಿದ್ದ. ಅದನ್ನೇ ಈಗ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕೆಂದರೆ!

"ನಿಮ್ಮ ಗದ್ದೆಗೆ ಶತ್ರು. ನಂಗೆ ಅಲ್ಲ" ಎಂದಳು ಮರಿಯಮ್. ಗಂಡನಿಗೆ ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೆಗೆ ಮೆಟ್ಟಿಲ ಮೇಲೆಯೇ ರಾಜಿಯಾಯಿತು. ಬೀಜ ತೋಟದ ಗೇಟು ದಾಟಬಾರದು. ನಮ್ಮ ಮನೆಯಲ್ಲಿರಬೇಕು, ಮರಿಯಮ್ ನಮ್ಮ ಅಡುಗೆಮನೆಗೆ ಬಂದು ಕುದಿಸಿ ಕುಡಿದು ಹೋಗಬೇಕು. ನಾನೂ ಒಂದು ಷರತ್ತು ಹಾಕಿದೆ, ಡಾಕ್ಟರಮ್ಮನಿಗೆ ತಿಳಿಸದೆ ಒಂದು ಗುಟುಕೂ ಇಲ್ಲ, ಅವರ ಮಾತ್ರೆ ಒಂದೂ ತಪ್ಪಬಾರದು. ಡಾಕ್ಟರಮ್ಮ ನಕ್ಕು, ಬಸುರಾದರೆ ಕೂಡಲೇ ನನಗೆ ಹೇಳಿ, ನಿಲ್ಲಿಸು ಎಂದಾಗ ನಿಲ್ಲಿಸಿ ಎಂದರು.

ಆ ತಿಂಗಳುಗಳ ಸಂಜೆಗಳೇ ನನಗೆ ಹೆಚ್ಚು ನೆನಪಾಗುವುದು. ತೋಟದ ಪಿಕಪ್ಪು ಅವಳನ್ನು ನಮ್ಮ ಬಾಗಿಲಲ್ಲಿ ಇಳಿಸಿ ಮಾರ್ಕೆಟ್ಟಿಗೆ ಹೋಗುತ್ತಿತ್ತು. ಒಲೆಯ ಮೇಲೆ ಬೀಜ ಕುದಿಯುವಷ್ಟು ಹೊತ್ತು ನಾವಿಬ್ಬರೂ ತುಳು ಕನ್ನಡ ಕಲಸಿ ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದೆವು. ಅವಳು ಅತ್ತೆ ನಡೆಯುವುದನ್ನು, ಬೀಡಿ ಕಂಪನಿಯ ಚೆಕ್ಕರು ಸರಿಯಿಲ್ಲವೆಂದು ಕಟ್ಟು ಬಿಸಾಡುವುದನ್ನು ಮಾಡಿ ತೋರಿಸುವಳು. ನಾನು ನಕ್ಕು ನಕ್ಕು ಸಾಕಾಗುತ್ತಿದ್ದೆ. ಕಷಾಯವನ್ನು ಮೂಗು ಹಿಡಿಯದೆ, ಮುಖ ಹಿಂಡದೆ, ಬಿಸ್ಮಿಲ್ಲಾ ಎಂದು ಕುಡಿದುಬಿಡುತ್ತಿದ್ದಳು. ನನಗೆ ಅಕ್ಕತಂಗಿಯರು ಬೇಕಾದಷ್ಟು ಜನ ಇದ್ದಾರೆ. ಆದರೂ ಅಕ್ಕ ಎನ್ನಿಸಿಕೊಳ್ಳುವ ಸುಖ ಅವಳು "ಸಿಸ್ಟರೇ" ಎಂದು ಕರೆಯುವಾಗಲೇ ಸಿಕ್ಕಿದ್ದು.

ತೊಂಬತ್ತೇಳರಲ್ಲಿ ಚಳಿ ಶುರುವಾಗುವ ಹೊತ್ತಿಗೆ ಅವಳು ಬಸುರಾದಳು. ಬೀಜದಿಂದ ಆಯಿತೆಂದು ನಾನು ಈಗಲೂ ಹೇಳಲಾರೆ. ಗಂಡ ಹೆಂಡತಿ ಒಂದೇ ಮನೆಯಲ್ಲಿ ಇದ್ದರು, ಹೊಟ್ಟೆತುಂಬ ಊಟವಿತ್ತು, ಡಾಕ್ಟರಿದ್ದರು. ಮರಿಯಮಳಿಗೆ ಮಾತ್ರ ಅನುಮಾನವೇ ಇರಲಿಲ್ಲ. ಮರುವರ್ಷದ ಫೆಬ್ರವರಿಯಲ್ಲಿ ಡಾಕ್ಟರಮ್ಮ, ಇನ್ನು ಆ ಕಷಾಯ ಸಾಕು ಎಂದರು. ಅದೇ ವಾರ ನಾನು ತಂಗಿ ಕಾರ್ಮಿನಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೂ ಮದುವೆಗೂ ಎಂದು ಊರಿಗೆ ಹೊರಟಿದ್ದೆ. ಅಡುಗೆಮನೆ ಖಾಲಿ ಮಾಡುತ್ತ ಬೀಜದ ಪೊಟ್ಟಣವನ್ನು ಕಸದ ಡಬ್ಬಕ್ಕೆ ಹಾಕಲು ಹೋದಾಗ ಮರಿಯಮ್ ಅಡ್ಡ ಬಂದಳು.

"ಅಯ್ಯೋ ಸಿಸ್ಟರೇ, ಮದ್ದನ್ನು ಕಸಕ್ಕೆ ಹಾಕ್ತಾರಾ? ಮತ್ತೆ ಅದು ಹಿಡೀಲಿಕ್ಕಿಲ್ಲ. ಗಿಡದ ಬುಡಕ್ಕೆ ಹಾಕ್ಬೇಕು."

ನಮ್ಮಲ್ಲೂ ಹಾಗೆಯೇ. ನನ್ನ ಅಮ್ಮ ಕಷಾಯದ ಚರಟವನ್ನು ತೆಂಗಿನ ಬುಡಕ್ಕೇ ಹಾಕುತ್ತಿದ್ದರು. ಮದ್ದನ್ನು ತುಳಿಯಬಾರದು, ತುಳಿದರೆ ಅದು ಮುನಿಯುತ್ತದೆ. ಬೀದಿಬದಿಯ ಬೇವಿನ ಬುಡದಲ್ಲಿ ಹೂತುಬಿಡುತ್ತೇನೆ ಎಂದು ಅವಳು ಪೊಟ್ಟಣ ತೆಗೆದುಕೊಂಡು ಹೋದಳು.

ನಾನು ಮದುವೆ ಮುಗಿಸಿ, ಕೈತುಂಬ ಉಪ್ಪಿನಕಾಯಿ ಹೊತ್ತು ಹಿಂತಿರುಗಿದೆ. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು, ಮಗು ನಿಂತಿತ್ತು. ಮೇ ತಿಂಗಳ ಕೊನೆಗೆ ಒಂದು ಮಧ್ಯಾಹ್ನ, ಅಷ್ಟು ದೊಡ್ಡ ಹೊಟ್ಟೆ ಹೊತ್ತು, ಬಿಸಿಲಲ್ಲಿ ಮರಿಯಮ್ ನನ್ನ ಬಾಗಿಲಲ್ಲಿ ನಿಂತಿದ್ದಳು. ನೋವು ಬಂತೋ ಎಂದು ನಾನು ಹೌಹಾರಿದೆ.

"ಗದ್ದೆಗೆ ಹಾಮೂಲ್ ಬಿದ್ದಿದೆ ಸಿಸ್ಟರೇ. ಅದು ನನ್ನದು."

ಬೇವಿನ ಮರದ ಬುಡದಲ್ಲಿ ಜನ ಕೂರುತ್ತಾರೆ, ಉಗುಳುತ್ತಾರೆ, ತುಳಿಯುತ್ತಾರೆ. ಅಲ್ಲಿ ಹಾಕಲು ಅವಳಿಗೆ ಮನಸ್ಸಾಗಿರಲಿಲ್ಲ. ಯಾರ ಕಾಲೂ ತಾಗದ ಜಾಗ ಅವಳಿಗೆ ಗೊತ್ತಿದ್ದದ್ದು ಒಂದೇ, ಹಜ್ಜಾಳ ಅಡುಗೆಮನೆಯ ಹಿಂದಿನ ಕಾಮಕಸ್ತೂರಿ ಪಾತಿ. ಅಲ್ಲಿ ಅಂಗೈಯಾಳ ಮಣ್ಣು ತೆಗೆದು ಹೂತಿದ್ದಳು. ಗಂಡನ ಮಾತು ಮರೆತಿರಲಿಲ್ಲ, ನೆನಪಿಟ್ಟುಕೊಂಡೇ ಹೂತಿದ್ದಳು. ಈ ಬಳ್ಳಿಗೆ ಮಣ್ಣಿನಲ್ಲಿ ಬೇರಿಲ್ಲ ಎಂದು ಅವನೇ ಹೇಳಿದ್ದನಲ್ಲ! ಬೇರೇ ಇಲ್ಲದ್ದು ಮಣ್ಣಿನಡಿ ಎಲ್ಲಿ ಹುಟ್ಟೀತು, ಸತ್ತೇ ಹೋದೀತು ಎಂದು ಅವಳ ಲೆಕ್ಕ. ಮೊದಲು ಅದು ಮಣ್ಣಿನಲ್ಲೇ ಮೊಳೆತು, ಹತ್ತಿರದ ಗಿಡಕ್ಕೆ ಕೈ ಚಾಚಿ, ಆಮೇಲಷ್ಟೇ ಮಣ್ಣಿನ ಬೇರನ್ನು ಕಳಚಿಕೊಳ್ಳುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಪಾತಿಯ ನೀರು ಕಾಲುವೆಯಲ್ಲಿ ಹರಿದು ಜತ್ ಗದ್ದೆಗೆ ಹೋಗುತ್ತಿತ್ತು. ಗದ್ದೆಯ ಒಂದು ಮಗ್ಗುಲು ಹಳದಿ ನೂಲಿನಿಂದ ಮುಚ್ಚಿಹೋಗಿತ್ತು.

ಮುಹಿಯುದ್ದೀನನಿಗೆ ಹೆಂಡತಿಯ ಮೇಲೆ ಅನುಮಾನವೇ ಬಂದಿರಲಿಲ್ಲ. ಬೀಜ ಮಾರಿದ ಅಂಗಡಿಯ ಉಮರ್ ಕಲಬೆರಕೆ ಕೊಟ್ಟಿದ್ದಾನೆ ಎಂದು ಅವನು ಹಜ್ಜಾಗೆ ಹೇಳಿಬಿಟ್ಟಿದ್ದ. ಉಮರ್ ಉಳ್ಳಾಲದ ಕಡೆಯವನು, ಆ ಅಂಗಡಿಯಲ್ಲಿ ಸಂಬಳಕ್ಕಿದ್ದವನು. ಹಜ್ಜಾಳ ದೊಡ್ಡ ಮಗ ಅಬುಧಾಬಿಯಿಂದ ಅಂಗಡಿಯ ಯಜಮಾನನಿಗೆ ಫೋನು ಮಾಡಿ, ಉಮರನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸುವಂತೆ ಹೇಳಿಯಾಗಿತ್ತು.

ನಾನು ಮರಿಯಮಳನ್ನು ಫ್ಯಾನಿನಡಿ ಕೂರಿಸಿ, ನೀರು ಕೊಟ್ಟು, ಸ್ಪಷ್ಟವಾಗಿ ಹೇಳಿದೆ. "ಬಾಯಿ ಮುಚ್ಚಿಕೊಂಡಿರು. ಹೆರಿಗೆ ಆಗಲಿ, ಮತ್ತೆ ನೋಡುವ. ನಿಮ್ಮಿಬ್ಬರ ವೀಸಾ ಒಂದೇ ಮನೆಯದ್ದು, ಪಾಸ್‌ಪೋರ್ಟು ಆ ಮಗನ ಕೈಯಲ್ಲಿ. ಈಗ ಹೇಳಿದರೆ ಇಬ್ಬರನ್ನೂ ಖಲಾಸ್ ಮಾಡಿ ವಿಮಾನ ಹತ್ತಿಸ್ತಾರೆ. ಈ ಹೊಟ್ಟೆ ಹಿಡ್ಕೊಂಡು ಮತ್ತೆ ಅದೇ ಕತ್ತಲೆಕೋಣೆಗೆ ಹೋಗ್ತೀಯಾ?"

ಅವಳು ನೀರು ಕುಡಿಯಲಿಲ್ಲ.

"ಉಮರಾಕನಿಗೆ ಮೂರು ಮಕ್ಕಳುಂಟು ಸಿಸ್ಟರೇ. ಅವರ ಅನ್ನ ಕಿತ್ಕೊಂಡ್ರೆ ಇದು ನನ್ನ ಹೊಟ್ಟೆಯಲ್ಲಿ ನಿಲ್ತದಾ?"

ನನಗೆ ಕೋಪ ನೆತ್ತಿಗೇರಿತು. ಆ ಉಮರ್ ಯಾರು, ಏನು, ಅವನಿಗೆ ಇನ್ನೊಂದು ಅಂಗಡಿ ಸಿಕ್ಕೀತು, ನಿನಗೆ ಇನ್ನೊಂದು ಮಗು ಸಿಕ್ಕೀತೇ ಎಂದೆಲ್ಲ ಕೂಗಾಡಿದೆ. ಅವಳು ಎಲ್ಲವನ್ನೂ ಕೇಳಿ, ಗೋಡೆ ಹಿಡಿದು ಎದ್ದು, "ಬರ್ತೇನೆ" ಎಂದು ಹೊರಟಳು. ಆ ನಡಿಗೆ ನೋಡಿ ನಾನೂ ದುಪಟ್ಟಾ ಹೊದ್ದು ಹಿಂದೆಯೇ ಪಿಕಪ್ಪು ಹತ್ತಿದೆ. ಬಸುರಿ ಹೆಂಗಸನ್ನು ಒಬ್ಬಳೇ ಆ ಮುದುಕಿಯ ಮುಂದೆ ನಿಲ್ಲಿಸಲು ನನ್ನಿಂದಾಗಲಿಲ್ಲ.

ಹಜ್ಜಾ ಖರ್ಜೂರದ ಮರದಡಿ ಚಾಪೆಯ ಮೇಲೆ ಕುಳಿತಿದ್ದಳು. ಮೂಗಿನ ಮೇಲೆ ಮುಖವಾಡದಂಥ ಹಳೆಯ ಕಾಲದ ಬುರ್ಕಾ, ಕೈಯಲ್ಲಿ ಜಪಮಣಿ. ಮರಿಯಮ್ ಬಂದಷ್ಟು ಅರಬ್ಬಿಯಲ್ಲಿ, ಬಾರದಲ್ಲಿ ಕೈಸನ್ನೆಯಲ್ಲಿ ಎಲ್ಲ ಹೇಳಿದಳು. ಬೀಜ, ಕಷಾಯ, ಪಾತಿ, ಕಾಲುವೆ. ಉಮರಾಕನದು ತಪ್ಪಿಲ್ಲ, ನನ್ನದು ಎಂದು ಎದೆ ಮುಟ್ಟಿಕೊಂಡಳು. ಅಲ್ಲೇ ನಿಂತಿದ್ದ ಮುಹಿಯುದ್ದೀನ್ ಹೆಂಡತಿಯನ್ನೇ ನೋಡುತ್ತಿದ್ದ. ಅವನ ಮುಖದ ಆ ಬಣ್ಣ ನಾನು ಹೆಣದ ಮುಖದಲ್ಲಿ ಮಾತ್ರ ನೋಡಿದ್ದೇನೆ.

ಹಜ್ಜಾ ಅವಳ ಹೊಟ್ಟೆಯನ್ನೊಮ್ಮೆ ನೋಡಿದಳು. ಮುಹಿಯುದ್ದೀನನ ಕಡೆ ತಿರುಗಿ, "ಸುಡು. ಪೂರ್ತಿ ಗದ್ದೆ" ಎಂದಳು. ಎದ್ದು ಒಳಗೆ ಹೋದಳು.

ಜತ್ ಎಲ್ಲ ಕೊಯ್ದು, ಒಣಗಿಸಿ, ಅಲ್ಲೇ ಸುಟ್ಟರು. ಹೊಗೆ ನಮ್ಮ ಕ್ಲಿನಿಕ್ಕಿನ ಕಿಟಕಿಗೂ ಕಾಣುತ್ತಿತ್ತು. ಉಮರನ ಕೆಲಸ ಉಳಿಯಿತು. ಆದರೆ ಹಜ್ಜಾ ಆ ದಿನದಿಂದ ಮರಿಯಮಳ ಜೊತೆ ಒಂದು ಮಾತೂ ಆಡಲಿಲ್ಲ. ಊಟದ ತಟ್ಟೆ ಇಟ್ಟರೆ ಉಣ್ಣುವಳು, ಮುಖ ನೋಡುತ್ತಿರಲಿಲ್ಲ. ದೊಡ್ಡ ಮಗ ಇವರಿಬ್ಬರ ವೀಸಾ ಕ್ಯಾನ್ಸಲ್ ಮಾಡಿಸುತ್ತಾನಂತೆ ಎಂದು ತೋಟದಲ್ಲೆಲ್ಲ ಸುದ್ದಿ. ಮುಹಿಯುದ್ದೀನ್ ಹೆಂಡತಿಯನ್ನು ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಭಾರವಾಯಿತು. ಅವನು ಸಂಜೆಯ ಹೊತ್ತು ಕರಿ ಗದ್ದೆಯ ಬದುವಿನ ಮೇಲೆ ಸುಮ್ಮನೆ ಕೂರುತ್ತಿದ್ದ. ಮರಿಯಮ್ ಪೆಟ್ಟಿಗೆ ಕಟ್ಟಿಟ್ಟಿದ್ದಳು. ಪ್ರತಿದಿನ ಪಿಕಪ್ಪಿನ ಸದ್ದಾದರೆ ಪಾಸ್‌ಪೋರ್ಟು ಬಂತೆಂದೇ ಎದ್ದು ನಿಲ್ಲುತ್ತಿದ್ದಳಂತೆ. ನಾನು ಅವಳ ರಕ್ತದೊತ್ತಡ ನೋಡಿ ನೋಡಿ, ಮೇರಿ ಮಾತೆಗೆ ಹರಕೆ ಹೊತ್ತೆ. ಅದನ್ನು ಅವಳಿಗೆ ಹೇಳಲಿಲ್ಲ.

ವೀಸಾದ ಆಳು ಬರುವ ಮೊದಲೇ ನೋವು ಬಂತು. ಜುಲೈಯ ಉರಿಬಿಸಿಲು, ಹೊರಗೆ ಧೂಳುಗಾಳಿ. ನಾನು ರಜೆ ಹಾಕಿ ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲೇ ನಿಂತೆ. ಹೆಣ್ಣು ಮಗು ಹುಟ್ಟಿತು, ಹುಟ್ಟಿದ ಕೂಡಲೇ ಅತ್ತಿತು. ಮರಿಯಮ್ ಅಳಲಿಲ್ಲ. ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತ, "ಇದ್ದಾಳೆ, ಇದ್ದಾಳೆ" ಎನ್ನುತ್ತಿದ್ದಳು. ನಾನೇ ಅತ್ತೆ. ಅವತ್ತು ಬೈಯಲು ಯಾರೂ ಇರಲಿಲ್ಲ. ಮಗುವಿಗೆ ಹನಾ ಎಂದು ಹೆಸರಿಟ್ಟರು.

ಮರುದಿನ ವಾರ್ಡಿನ ಬಾಗಿಲಲ್ಲಿ ಹಜ್ಜಾ ನಿಂತಿದ್ದಳು. ಜೊತೆಗೆ ಡ್ರೈವರು ಮಾತ್ರ. ಮುಹಿಯುದ್ದೀನ್ ದಡಬಡಿಸಿ ಎದ್ದ. ಪಾಸ್‌ಪೋರ್ಟು ತಂದಿದ್ದಾಳೆ ಎಂದುಕೊಂಡು ಮರಿಯಮ್ ಮಗುವನ್ನು ಎದೆಗೆ ಒತ್ತಿಕೊಂಡಳು. ಮುದುಕಿ ನಿಧಾನವಾಗಿ ಬಂದು, ಹಾಸಿಗೆಯ ಅಂಚಿನಲ್ಲಿ ಕುಳಿತು, ಕೈ ಚಾಚಿದಳು. ಮರಿಯಮ್ ಮಗುವನ್ನು ಕೊಟ್ಟಳು. ಕೊಟ್ಟವಳೇ, ಅಷ್ಟು ದಿನ ಒಳಗಿಟ್ಟುಕೊಂಡದ್ದನ್ನೆಲ್ಲ ಒಮ್ಮೆಲೇ ಹೇಳತೊಡಗಿದಳು. ನಿಮ್ಮ ಗದ್ದೆ ಹಾಳು ಮಾಡಿದೆ, ಮಾಫ್ ಮಾಡಿ, ನಾವು ಹೋಗುತ್ತೇವೆ, ಇವಳಿಗೆ ನಲವತ್ತು ದಿನ ಆಗುವವರೆಗೆ ಮಾತ್ರ ಇರಲು ಬಿಡಿ.

ಹಜ್ಜಾ ಮಗುವಿನ ಹಣೆಯಿಂದ ಕಣ್ಣು ತೆಗೆಯಲಿಲ್ಲ.

"ಗದ್ದೆಯ ಮಾತು ಬೇಡ, ಹೋಗುವ ಮಾತೂ ಬೇಡ" ಎಂದಳು. "ನಾನು ಹೆತ್ತದ್ದರಲ್ಲಿ ನಾಲ್ಕು ಮಕ್ಕಳು ಮರಳಿನಡಿಯಲ್ಲಿವೆ. ಆಗ ಡಾಕ್ಟರಿಲ್ಲ, ಆಸ್ಪತ್ರೆಯಿಲ್ಲ. ಯಾರಾದರೂ ಬಂದು, ಒಂದು ಗದ್ದೆ ಕೊಡು, ಒಂದು ಮಗುವನ್ನು ಉಳಿಸಿಕೊಡುತ್ತೇನೆ ಎಂದಿದ್ದರೆ, ಆ ಕ್ಷಣವೇ ಕೊಡುತ್ತಿದ್ದೆ."

ಮುಹಿಯುದ್ದೀನ್ ಇಷ್ಟನ್ನೂ ಬ್ಯಾರಿ ಭಾಷೆಯಲ್ಲಿ ಹೆಂಡತಿಗೆ ಹೇಳುತ್ತ ಬಂದ. ಮುದುಕಿ ಇನ್ನೊಂದು ಮಾತು ಸೇರಿಸಿದಳು.

"ಆಗ ಕೊಡೋಣವೆಂದರೆ ನಮ್ಮ ಹತ್ತಿರ ಗದ್ದೆಯೂ ಇರಲಿಲ್ಲ."

ಅದನ್ನು ಮುಹಿಯುದ್ದೀನ್ ಹೇಳಬೇಕಾಗಲಿಲ್ಲ. ಮರಿಯಮ್ ಆಗಲೇ ಆ ಮುದುಕಿಯ ಭುಜಕ್ಕೆ ತಲೆ ಒರಗಿಸಿದ್ದಳು.